ಕುಡಿದು ವಾಹನ ಓಡಿಸಿದ ಪ್ರಕರಣ: ದಾಖಲೆ ಎಲ್ಲಿ ಸಿಗುತ್ತದೆ, ಶಿಕ್ಷೆ ಏನು?

ಪ್ರಶ್ನೆ: ನಮ್ಮ ಇಬ್ಬರು ಮಕ್ಕಳು ಶಾಲೆಗೆ ಹೋಗುವ ವ್ಯಾನಿನ ಚಾಲಕರು ಕಳೆದ ವರ್ಷ ಕುಡಿದು ವಾಹನ ಓಡಿಸುತ್ತಿದ್ದಾಗ ಸಂಚಾರ ಪೊಲೀಸರ ಕೈಗೆ ಸಿಕ್ಕಿದ್ದರು ಎಂಬ ಮಾತು ಪೋಷಕರ ನಡುವೆ ಹರಿದಾಡುತ್ತಿದೆ. ಶಾಲೆಯವರು ಅದನ್ನು ಗಾಳಿಮಾತು ಎನ್ನುತ್ತಾರೆ. ಠಾಣೆಯಲ್ಲಿ ವಿಚಾರಿಸಿದರೆ, ‘ನಿಮಗೂ ಅದಕ್ಕೂ ಏನು ಸಂಬಂಧ’ ಎಂದು ಕೇಳಿದರು. ವ್ಯಾನಿನ ಸಂಖ್ಯೆ ಹಾಕಿ ಮೊಬೈಲಿನಲ್ಲಿ ನೋಡಿದಾಗ ಯಾವ ದಂಡವೂ ಬಾಕಿ ಇರಲಿಲ್ಲ. ಇಂತಹ ಪ್ರಕರಣಗಳ ದಾಖಲೆಯನ್ನು ನಮ್ಮಂಥವರು ನೋಡಲು ಅವಕಾಶವಿದೆಯೇ? ತಪ್ಪು ಸಾಬೀತಾದರೆ ಶಿಕ್ಷೆ ಏನು? (ಹೆಸರು, ಊರು ಪ್ರಕಟಿಸಬೇಡಿ ಎಂದು ಕೋರಿರುವ ತಾಯಿ)

ಉತ್ತರ: ಅವಕಾಶವಿದೆ. ಮಕ್ಕಳನ್ನು ದಿನವೂ ಆ ವ್ಯಾನಿಗೆ ಹತ್ತಿಸುವ ತಾಯಿಗೆ ‘ಏನು ಸಂಬಂಧ’ ಎಂದು ಕೇಳಿದ್ದು ಸರಿಯಲ್ಲ. ಆದರೆ ಕುಡಿದು ವಾಹನ ಓಡಿಸಿದವರ ಹೆಸರುಗಳನ್ನೆಲ್ಲ ಒಂದೆಡೆ ಸೇರಿಸಿ ಜನರ ಮುಂದಿಟ್ಟ ಪಟ್ಟಿ ನಮ್ಮಲ್ಲಿಲ್ಲ. ದಾಖಲೆಗಳು ಪೊಲೀಸ್ ಠಾಣೆ, ನ್ಯಾಯಾಲಯ ಮತ್ತು ಸಾರಿಗೆ ಕಚೇರಿಗಳಲ್ಲಿ ಹಂಚಿಹೋಗಿವೆ. ಇವುಗಳಲ್ಲಿ ನಂಬಿ ಮುಂದುವರಿಯಬಹುದಾದದ್ದು ನ್ಯಾಯಾಲಯದ ಆದೇಶವೊಂದೇ.

ಮೊದಲು ಶಿಕ್ಷೆಯ ವಿಷಯ ಹೇಳುತ್ತೇನೆ, ಏಕೆಂದರೆ ದಾಖಲೆ ಎಲ್ಲಿರುತ್ತದೆ ಎಂಬುದು ಅದರಿಂದಲೇ ತಿಳಿಯುತ್ತದೆ. 1988ರ ಮೋಟಾರು ವಾಹನಗಳ ಕಾಯ್ದೆಯ 185ನೇ ಕಲಮಿನ ಪ್ರಕಾರ, 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇರುವುದು ಉಸಿರಿನ ತಪಾಸಣೆಯಲ್ಲಾಗಲಿ ಪ್ರಯೋಗಾಲಯದ ಪರೀಕ್ಷೆಯಲ್ಲಾಗಲಿ ಕಂಡುಬಂದರೆ ಅದು ಅಪರಾಧ. ಮೊದಲ ಸಲ ಸಿಕ್ಕಿಬಿದ್ದವರಿಗೆ 6 ತಿಂಗಳವರೆಗೆ ಸೆರೆವಾಸ, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. ಮತ್ತೆ ಅದೇ ತಪ್ಪು ಮಾಡಿದರೆ ಸೆರೆವಾಸ 2 ವರ್ಷದವರೆಗೆ, ದಂಡ 15,000 ರೂಪಾಯಿ. ಈ ಮೊತ್ತಗಳು 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿವೆ; ಅದಕ್ಕೂ ಮುಂಚಿನ ಪ್ರಕರಣವಾದರೆ ದಂಡದ ಮೊತ್ತ 2,000 ಅಥವಾ 3,000 ರೂಪಾಯಿ ಎಂದು ಕಂಡರೆ ಅಚ್ಚರಿಪಡಬೇಕಿಲ್ಲ.

ಹೆಲ್ಮೆಟ್ ಇಲ್ಲದ್ದಕ್ಕೋ ಸಿಗ್ನಲ್ ಮೀರಿದ್ದಕ್ಕೋ ಕಟ್ಟುವಂತೆ ಈ ದಂಡವನ್ನು ರಸ್ತೆಯಲ್ಲೇ ಪೊಲೀಸರಿಗೆ ಕಟ್ಟಿ ಪ್ರಕರಣ ಮುಗಿಸುವಂತಿಲ್ಲ. ಹಾಗೆ ರಾಜಿಯಲ್ಲಿ ಇತ್ಯರ್ಥಪಡಿಸಬಹುದಾದ ಅಪರಾಧಗಳನ್ನು ಹೆಸರಿಸುವ 200ನೇ ಕಲಮಿನಲ್ಲಿ 185 ಸೇರಿಲ್ಲ. ಆದ್ದರಿಂದ ಪ್ರಕರಣ ನಿಜವಾಗಿಯೂ ದಾಖಲಾಗಿದ್ದರೆ ಅದು ಮ್ಯಾಜಿಸ್ಟ್ರೇಟರ ಮುಂದೆ ಹೋಗಲೇಬೇಕು. ಮೊಬೈಲಿನಲ್ಲಿ ನೀವು ನೋಡಿದ ಬಾಕಿ ದಂಡದ ವಿವರ ವಾಹನಕ್ಕೆ ಸೇರಿದ್ದು, ಚಾಲಕರಿಗೆ ಸೇರಿದ್ದಲ್ಲ. ಅವರು ಆಗ ಓಡಿಸುತ್ತಿದ್ದುದು ಬೇರೆಯೇ ವಾಹನವಾಗಿದ್ದಿರಬಹುದು. ಅಲ್ಲಿ ಏನೂ ಕಾಣಲಿಲ್ಲ ಎಂಬುದರಿಂದ ಏನನ್ನೂ ತೀರ್ಮಾನಿಸಬೇಡಿ.

ಈಗ ಇ-ಕೋರ್ಟ್ಸ್ ಜಾಲತಾಣಕ್ಕೆ ಹೋಗಿ. ಅಲ್ಲಿ ರಾಜ್ಯ, ಜಿಲ್ಲೆ, ನ್ಯಾಯಾಲಯ ಸಂಕೀರ್ಣಗಳನ್ನು ಆಯ್ದುಕೊಂಡು, ಕಕ್ಷಿದಾರರ ಹೆಸರು ಮತ್ತು ವರ್ಷ ಕೊಟ್ಟು ಹುಡುಕಬಹುದು. ಚಾಲಕರ ಮನೆ ಯಾವ ಊರಿನಲ್ಲಿದೆ ಎಂಬುದು ಇಲ್ಲಿ ಮುಖ್ಯವಲ್ಲ, ಅವರು ಸಿಕ್ಕಿಬಿದ್ದ ಜಾಗ ಯಾವ ನ್ಯಾಯಾಲಯದ ವ್ಯಾಪ್ತಿಗೆ ಬರುತ್ತದೋ ಅಲ್ಲಿ ಹುಡುಕಬೇಕು. ‘ಬಾಕಿ’ ಮತ್ತು ‘ಇತ್ಯರ್ಥ’ ಎರಡನ್ನೂ ನೋಡುವುದು ಅಗತ್ಯ, ಏಕೆಂದರೆ ಈ ಬಗೆಯ ಪ್ರಕರಣಗಳಲ್ಲಿ ಆರೋಪಿ ತಪ್ಪೊಪ್ಪಿಕೊಂಡು ದಂಡ ಕಟ್ಟಿ, ಒಂದೇ ದಿನದಲ್ಲಿ ಕಡತ ಮುಕ್ತಾಯವಾಗುವುದುಂಟು. ಹೆಸರಿನ ಕಾಗುಣಿತ ಬಹಳ ಕಾಡುತ್ತದೆ. ಮಂಜುನಾಥ ಎಂಬ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ರೀತಿ ಬರೆಯುವವರಿದ್ದಾರೆ, ಇನಿಷಿಯಲ್ ಕೆಲವೊಮ್ಮೆ ಮುಂದೆ, ಕೆಲವೊಮ್ಮೆ ಹಿಂದೆ ಇರುತ್ತದೆ. ಆದ್ದರಿಂದ ಹೆಸರಿನ ಮೊದಲ ಕೆಲವು ಅಕ್ಷರಗಳನ್ನಷ್ಟೇ ಹಾಕಿ ನೋಡುವುದು ಒಳ್ಳೆಯದು. ಕಡತ ಸಿಕ್ಕಿದರೆ ಅದರ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಮುಂದೆ ಅದೊಂದನ್ನು ಹಾಕಿದರೆ ಸಾಕು, ಪ್ರಕರಣ ತೆರೆದುಕೊಳ್ಳುತ್ತದೆ.

ಆದರೆ ಹೆಸರು ಹೊಂದಿತು ಎಂದ ಮಾತ್ರಕ್ಕೆ ಮನುಷ್ಯ ಅವರೇ ಎಂದಾಗುವುದಿಲ್ಲ. ತಂದೆಯ ಹೆಸರು, ವಿಳಾಸ, ವಯಸ್ಸು ಹೊಂದಬೇಕು. ಹೊಂದಿದರೂ, ಕಲಂ 185 ಎಂದು ಬರೆದಿರುವುದು ಆರೋಪವನ್ನಷ್ಟೇ ಹೇಳುತ್ತದೆ. ಶಿಕ್ಷೆಯಾಯಿತೇ, ಬಿಡುಗಡೆಯಾಯಿತೇ ಎಂಬುದು ಕೊನೆಯ ಆದೇಶದಲ್ಲಿರುತ್ತದೆ. ಆ ಆದೇಶವನ್ನು ಓದದೆ ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಏನನ್ನೂ ಹಾಕಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಒಬ್ಬ ದುಡಿಯುವ ಮನುಷ್ಯನ ಅನ್ನದ ಪ್ರಶ್ನೆ ಇದು. ತಪ್ಪಾದರೆ ಮಾನನಷ್ಟದ ದೂರು ನಿಮ್ಮ ಮೇಲೆಯೇ ಬರಬಹುದು.

ಆದೇಶದ ಪ್ರತಿ ಜಾಲತಾಣದಲ್ಲಿ ಇಲ್ಲದಿದ್ದರೆ, ಆ ನ್ಯಾಯಾಲಯದ ನಕಲು ಶಾಖೆಯಲ್ಲಿ ದೃಢೀಕೃತ ನಕಲಿಗೆ ಅರ್ಜಿ ಕೊಡಬೇಕು. ನೀವು ಆ ಪ್ರಕರಣದ ಕಕ್ಷಿದಾರರಲ್ಲವಾದ್ದರಿಂದ ನಕಲು ಏಕೆ ಬೇಕು ಎಂಬ ಕಾರಣವನ್ನು ಬರೆಯಬೇಕಾಗುತ್ತದೆ. ಮಕ್ಕಳ ಸುರಕ್ಷತೆ ಎಂಬ ಕಾರಣವನ್ನು ಸಂಕೋಚವಿಲ್ಲದೆ ಬರೆಯಿರಿ. ಇದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಸಮಯ ಕಳೆಯಬೇಡಿ. ನ್ಯಾಯಾಲಯದ ಕಡತಗಳ ನಕಲನ್ನು ಹೈಕೋರ್ಟಿನ ನಿಯಮಗಳ ಮೂಲಕವೇ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಮಾಹಿತಿ ಹಕ್ಕು ನೆರವಿಗೆ ಬರುವುದು ಬೇರೆ ಕಡೆ: ನಿಮ್ಮ ಠಾಣೆಯ ವ್ಯಾಪ್ತಿಯಲ್ಲಿ ಒಂದು ವರ್ಷದಲ್ಲಿ 185ನೇ ಕಲಮಿನಡಿ ಎಷ್ಟು ಪ್ರಕರಣಗಳು ದಾಖಲಾದವು, ಎಷ್ಟರಲ್ಲಿ ಶಿಕ್ಷೆಯಾಯಿತು, ಎಷ್ಟು ಪರವಾನಗಿಗಳನ್ನು ಅಮಾನತಿಗೆ ಕಳುಹಿಸಲಾಯಿತು ಎಂಬ ಅಂಕಿಸಂಖ್ಯೆಗಳನ್ನು 10 ರೂಪಾಯಿ ಶುಲ್ಕ ಕಟ್ಟಿ ಕೇಳಿದರೆ, 30 ದಿನಗಳೊಳಗೆ ಉತ್ತರ ಕೊಡಬೇಕು. ವ್ಯಕ್ತಿಯ ಹೆಸರು ಹಿಡಿದು ಕೇಳಿದರೆ ಖಾಸಗಿ ಮಾಹಿತಿ ಎಂಬ ಕಾರಣ ಕೊಟ್ಟು ನಿರಾಕರಿಸುವ ಸಾಧ್ಯತೆಯೇ ಹೆಚ್ಚು.

ನಿಮ್ಮ ಸಂದರ್ಭದಲ್ಲಿ ಇವೆಲ್ಲಕ್ಕಿಂತ ಹತ್ತಿರದ ದಾರಿ ಇನ್ನೊಂದಿದೆ. ಕುಡಿದು ಓಡಿಸಿದವರ ಪರವಾನಗಿಯನ್ನು ಪೊಲೀಸರು ವಶಕ್ಕೆ ಪಡೆದು ಸಾರಿಗೆ ಕಚೇರಿಗೆ ಕಳುಹಿಸಬಹುದು. ಆ ಕಚೇರಿಯು ಚಾಲಕರ ಅಹವಾಲನ್ನು ಕೇಳಿದ ಮೇಲೆ, ಮೊದಲ ತಪ್ಪಿಗೆ 3 ತಿಂಗಳು ಅನರ್ಹಗೊಳಿಸಲು, ಮತ್ತೆ ಮಾಡಿದರೆ ಪರವಾನಗಿಯನ್ನೇ ರದ್ದುಪಡಿಸಲು 19ನೇ ಕಲಮು ಅಧಿಕಾರ ಕೊಡುತ್ತದೆ. ಹಾಗೆ ರದ್ದಾದವರ ಹೆಸರನ್ನು ಸಾರ್ವಜನಿಕವಾಗಿ ಪ್ರಕಟಿಸಲೂ ಅದೇ ಕಲಮಿನಲ್ಲಿ ಅವಕಾಶವಿದೆ. ಪರವಾನಗಿಯ ಸಂಖ್ಯೆ ಮತ್ತು ಜನ್ಮದಿನಾಂಕ ಗೊತ್ತಿದ್ದರೆ ಅದು ಸದ್ಯ ಚಾಲ್ತಿಯಲ್ಲಿದೆಯೇ ಎಂದು ಪರಿವಾಹನ್ ಜಾಲತಾಣದಲ್ಲಿ ನೋಡಬಹುದು. ಶಾಲೆಯವರು ಆ ಚಾಲಕರಿಂದ ಇವೆರಡನ್ನೂ, ಜೊತೆಗೆ ಪೊಲೀಸ್ ಪರಿಶೀಲನಾ ಪ್ರಮಾಣಪತ್ರವನ್ನೂ ಪಡೆದಿರುವುದು ನ್ಯಾಯ. ಕುಡಿದು ಓಡಿಸಿ ಒಮ್ಮೆ ಸಿಕ್ಕಿಬಿದ್ದವರನ್ನೂ ಶಾಲಾ ವಾಹನಕ್ಕೆ ನೇಮಿಸಬಾರದು ಎಂಬುದು ಶಾಲಾ ಬಸ್ಸುಗಳ ಮಾರ್ಗಸೂಚಿಗಳಲ್ಲೇ ಇರುವ ಮಾತು. ನಾಲ್ಕಾರು ಪೋಷಕರು ಸಹಿ ಮಾಡಿ, ಈ ಕಾಗದಗಳನ್ನು ತೋರಿಸಿ ಎಂದು ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಲಿಖಿತ ಅರ್ಜಿಗೆ ‘ಗಾಳಿಮಾತು’ ಎಂಬ ಉತ್ತರ ಸಾಲದು.

ಪ್ರಶ್ನೆ: ನನ್ನ ಮಗ 2018ರಲ್ಲಿ ಗೆಳೆಯನ ಮದುವೆಯಿಂದ ಬರುವಾಗ ತಪಾಸಣೆಯಲ್ಲಿ ಸಿಕ್ಕಿಬಿದ್ದು, ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು 2,000 ರೂಪಾಯಿ ದಂಡ ಕಟ್ಟಿದ. ಆಮೇಲೆ ಅವನು ಕುಡಿತದ ಸಹವಾಸಕ್ಕೇ ಹೋಗಿಲ್ಲ. ಈಗ ಸರ್ಕಾರಿ ಹುದ್ದೆಗೆ ಆಯ್ಕೆಯಾಗಿದ್ದಾನೆ. ದೃಢೀಕರಣ ನಮೂನೆಯಲ್ಲಿ ಇದನ್ನು ಬರೆಯಲೇಬೇಕೇ? (ನಿವೃತ್ತ ಶಿಕ್ಷಕರೊಬ್ಬರು)

ಉತ್ತರ: ಶಿಕ್ಷೆಯಾಗಿದೆಯೇ ಎಂದು ನಮೂನೆಯಲ್ಲಿ ಕೇಳಿದ್ದರೆ ಬರೆಯಲೇಬೇಕು, ಮೇಷ್ಟ್ರೇ. ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದೂ ಕಾನೂನಿನ ದೃಷ್ಟಿಯಲ್ಲಿ ಶಿಕ್ಷೆಯೇ. ಇಂತಹ ಮಾಹಿತಿಯನ್ನು ಮುಚ್ಚಿಡುವುದರ ಬಗ್ಗೆ ಸುಪ್ರೀಂ ಕೋರ್ಟ್ 2016ರಲ್ಲಿ ವಿಸ್ತಾರವಾಗಿ ವಿಚಾರ ಮಾಡಿದೆ. ಸಣ್ಣ ಸ್ವರೂಪದ ತಪ್ಪನ್ನು ಮನ್ನಿಸುವ ವಿವೇಚನೆ ನೇಮಕಾತಿ ಪ್ರಾಧಿಕಾರಕ್ಕೆ ಇದೆ. ಆದರೆ ಸತ್ಯ ಮುಚ್ಚಿಟ್ಟದ್ದು ಬಯಲಾದರೆ ಅದೊಂದೇ ಕಾರಣಕ್ಕೆ ಕೆಲಸ ಹೋಗಬಹುದು. ಬರೆದದ್ದರಿಂದ ಆಗಬಹುದಾದ ತೊಂದರೆಗಿಂತ ಬರೆಯದ್ದರಿಂದ ಆಗುವ ತೊಂದರೆ ದೊಡ್ಡದು.

ಇನ್ನೊಂದು ವಿಷಯ ಅವನಿಗೆ ತಿಳಿದಿರಲಿ. ಹಿಂದೆ, ಮೊದಲ ತಪ್ಪಾದ 3 ವರ್ಷಗಳೊಳಗೆ ಮತ್ತೆ ಸಿಕ್ಕಿಬಿದ್ದರೆ ಮಾತ್ರ ಹೆಚ್ಚಿನ ಶಿಕ್ಷೆ ಇತ್ತು. 2019ರ ತಿದ್ದುಪಡಿಯಲ್ಲಿ ಆ ಕಾಲಮಿತಿಯನ್ನು ತೆಗೆದುಹಾಕಲಾಗಿದೆ.

ಆದೇಶದ ದೃಢೀಕೃತ ನಕಲಿಗೆ ಇಂದೇ ಅರ್ಜಿ ಹಾಕಿಸಿ, ದಂಡ ಕಟ್ಟಿದ ರಸೀದಿಯೊಂದಿಗೆ ನಮೂನೆಗೆ ಲಗತ್ತಿಸಲಿ. ನಕಲು ಕೈಗೆ ಬರುವಷ್ಟರಲ್ಲಿ ಕೊನೆಯ ದಿನ ಮೀರುವಂತಿದ್ದರೆ ಪ್ರಕರಣದ ಸಂಖ್ಯೆ, ನ್ಯಾಯಾಲಯ, ಆದೇಶದ ದಿನಾಂಕ, ದಂಡದ ಮೊತ್ತ ಇಷ್ಟನ್ನು ನಮೂದಿಸಿ, ನಕಲಿಗೆ ಅರ್ಜಿ ಹಾಕಿದ್ದರ ಸ್ವೀಕೃತಿಯನ್ನು ಜೊತೆಗಿಟ್ಟರೆ ಸದ್ಯಕ್ಕೆ ಸಾಕಾಗುತ್ತದೆ.