ದುಭಾಷಿಯ ಕುಟುಂಬಕ್ಕೆ ಸಾಮಾನು ಕೂಡಿಸುವ ಮೊದಲು ನಿಮ್ಮ ಮೇಲ್‌ಬಾಕ್ಸ್ ನೋಡಿ

ಅಫ್ಘಾನಿಸ್ತಾನದಲ್ಲಿ ಅಮೆರಿಕದ ಸೈನ್ಯಕ್ಕೆ ದುಭಾಷಿಯಾಗಿದ್ದವರ ಕುಟುಂಬ ಅಮೆರಿಕದಲ್ಲಿರುವ ನಿಮ್ಮಲ್ಲಿಗೆ ಬರುತ್ತಿದೆ. ಮೂರು ತಿಂಗಳು ಮನೆಯಲ್ಲೇ ಇಟ್ಟುಕೊಳ್ಳುತ್ತೇವೆ, ಏನೇನು ಸಾಮಾನು ಕೂಡಿಸಲಿ, ಅವರಿಗೆ ಇಂಗ್ಲಿಷ್ ಚೆನ್ನಾಗಿ ಬರುವುದರಿಂದ ಬೇಗ ಹೊಂದಿಕೊಳ್ಳುತ್ತಾರೆ ಅಲ್ವಾ ಅಂತ ಕೇಳಿದ್ದೀರಿ. 2016ರಲ್ಲಿ ನನ್ನ ತಲೆಯಲ್ಲೂ ಇವೇ ಮೂರು ಮಾತಿದ್ದವು.

ನಾನು ಕಾರವಾರದವಳು, ಈಗ ಮತ್ತೆ ಇಲ್ಲೇ ಇದ್ದೇನೆ. ಆಗ ಅಮೆರಿಕದ ಸ್ಯಾಕ್ರಮೆಂಟೊದಲ್ಲಿದ್ದೆವು. ನಮ್ಮ ಮನೆಯವರ ಆಫೀಸಿನಲ್ಲಿ ಒಬ್ಬ ಮಾಜಿ ಸೈನಿಕರಿದ್ದರು. ಕುನಾರ್ ಪ್ರಾಂತ್ಯದಲ್ಲಿ ಅವರ ಜೊತೆ ಮೂರು ವರ್ಷ ಓಡಾಡಿದ ದುಭಾಷಿಗೆ ಕೊನೆಗೂ ವಿಶೇಷ ವಲಸೆ ವೀಸಾ ಸಿಕ್ಕಿತ್ತು. ಅಮೆರಿಕನ್ ಮೇಲಧಿಕಾರಿಯ ಶಿಫಾರಸು ಪತ್ರ, ಕೆಲಸ ಕೊಟ್ಟವರ ಪತ್ರ, ಜೀವಕ್ಕೆ ಬೆದರಿಕೆ ಇದೆ ಅನ್ನುವ ಹೇಳಿಕೆ, ಹೀಗೆ ಕಾಗದ ಕೂಡಿಸುತ್ತಲೇ ವರ್ಷಗಳು ಕಳೆದಿದ್ದವು. ಸೈನಿಕರು ಆಗ ಮನೆ ಬದಲಿಸುವವರಿದ್ದರು. ಫಾರ್ಮಿನಲ್ಲಿ ಬರೆಯೋಕೆ ನಿಮ್ಮ ವಿಳಾಸ ಕೊಡಬಹುದಾ ಅಂತ ಕೇಳಿದರು. ನಾನು ಅಲ್ಲೇ ಹೂಂ ಅಂದೆ.

ಯಾಕೆಂದರೆ 'ನಿರಾಶ್ರಿತರು' ಅನ್ನುವುದು ನನಗೆ ಪೇಪರಿನಲ್ಲಿ ಓದಿ ಗೊತ್ತಾದ ಪದವಲ್ಲ. ಕಾರವಾರದ ಸೀಬರ್ಡ್ ನೌಕಾನೆಲೆ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಆ ನೆಲೆ, ಐಎನ್ಎಸ್ ಕದಂಬ, ಶುರುವಾಯಿತು. ಅದರ ನಡುವೆ ಕಾರವಾರ, ಅಂಕೋಲಾ ಮಧ್ಯದ ಕಡಲಂಚಿನ ಹಳ್ಳಿಗಳು ಖಾಲಿಯಾದವು. ನನ್ನ ತವರುಮನೆಯೂ ಅದರಲ್ಲೇ ಹೋಯಿತು. ನಾವು ಬೆಳೆದದ್ದು ನಿರಾಶ್ರಿತರ ಕಾಲೋನಿಯಲ್ಲಿ. ಬಾಂಬು, ಗುಂಡಿನ ಸದ್ದಿಗೆ ಬೆದರಿ ಬಂದವರ ಕಷ್ಟಕ್ಕೆ ನಮ್ಮದನ್ನು ಹೋಲಿಸುವುದಿಲ್ಲ. ಆದರೆ ಅಂಗಳ ಬಿಟ್ಟು ಬಂದವರಿಗೆ ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಬರುವುದಿಲ್ಲ ಅಂತ ನನಗೆ ಗೊತ್ತಿತ್ತು.

ಗಂಡ, ಹೆಂಡತಿ, ಮೂವರು ಮಕ್ಕಳು ಮಧ್ಯರಾತ್ರಿ ಬಂದಿಳಿದರು. ಗಂಡನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲು, ಅದನ್ನು ಊಟಕ್ಕೆ ಕೂತಾಗಲೂ ಪಕ್ಕದಲ್ಲೇ ಇಟ್ಟುಕೊಂಡರು. ಹೆಂಡತಿಗೆ ಸಿನಿಮಾ ನೋಡಿ ಕಲಿತ ಹಿಂದಿ ಬರುತ್ತಿತ್ತು. ನಾನು ಭಾಭಿ (ಅತ್ತಿಗೆ) ಅಂದೆ, ಅವರು ಬಾಜಿ (ಅಕ್ಕ) ಅಂದರು. ಹತ್ತು ದಿನ ನಮ್ಮಲ್ಲಿದ್ದು, ಆಮೇಲೆ ನಾವೇ ಹುಡುಕಿದ ಬಾಡಿಗೆ ಮನೆಗೆ ಹೋದರು.

ಈಗ ನನ್ನ ತಪ್ಪು ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಆದರೂ ಪೂರ್ತಿ ಓದಿ.

ವೀಸಾ ಅರ್ಜಿಯಲ್ಲಿ ಅಮೆರಿಕದ ವಿಳಾಸ ಬರೆಯುತ್ತಾರಲ್ಲ, ಅದು ಉಳಿದುಕೊಳ್ಳುವ ಜಾಗ ಅಷ್ಟೇ ಅಂದುಕೊಂಡಿದ್ದೆ. ಹಾಗಲ್ಲ. ಸೋಶಿಯಲ್ ಸೆಕ್ಯುರಿಟಿ ಕಾರ್ಡ್ (ಅಲ್ಲಿ ಕೆಲಸ, ಸಂಬಳಕ್ಕೆ ಕೇಳುವ ಸರ್ಕಾರಿ ನಂಬರ್ ಇರುವ ಕಾರ್ಡು) ಬೇಕು ಅಂತ ಅದೇ ಅರ್ಜಿಯಲ್ಲಿ ಗುರುತು ಹಾಕಿದ್ದರೆ ಕಾರ್ಡು ತಾನಾಗಿ ಆ ವಿಳಾಸಕ್ಕೆ ಅಂಚೆಯಲ್ಲಿ ಬರುತ್ತದೆ. ಗ್ರೀನ್ ಕಾರ್ಡೂ ಅಲ್ಲಿಗೇ. ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಗೋಡೆಯಲ್ಲಿ ಸಾಲಾಗಿ ಮೇಲ್‌ಬಾಕ್ಸ್‌ಗಳಿದ್ದವು. ಪ್ರತಿ ಬಾಕ್ಸಿನ ಒಳಗೆ ಸಣ್ಣ ಚೀಟಿ, ಅದರಲ್ಲಿ ಅಲ್ಲಿರುವವರ ಹೆಸರು. ನಮ್ಮ ಚೀಟಿಯಲ್ಲಿ ನಮ್ಮ ಅಡ್ಡಹೆಸರು ಮಾತ್ರ ಇತ್ತು. ಬೇರೆ ಹೆಸರಿನ ಕವರು ಬಂದರೆ ಅಂಚೆಯವರು ವಾಪಸ್ ಕಳಿಸುತ್ತಾರೆ. ಅವರು ಮಾಡಿದ್ದು ಸರಿಯೇ. ಬಂದ ಕುಟುಂಬದ ಹೆಸರನ್ನು ಚೀಟಿಗೆ ಸೇರಿಸದೇ ಇದ್ದವಳು ನಾನು.

ಇನ್ನೊಂದು ತೊಡಕೂ ಇತ್ತು. ಅಫ್ಘಾನಿಸ್ತಾನದಲ್ಲಿ ಎಷ್ಟೋ ಜನರಿಗೆ ಒಂದೇ ಹೆಸರು. ಅಂಥವರ ವೀಸಾದಲ್ಲಿ ಇದ್ದ ಹೆಸರನ್ನು ಅಡ್ಡಹೆಸರಿನ ಜಾಗದಲ್ಲಿ ಹಾಕಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್ಎನ್‌ಯು' ಅಂತ ಬರೆಯುತ್ತಾರೆ. ಮೊದಲ ಹೆಸರು ತಿಳಿದಿಲ್ಲ ಅಂತ ಅರ್ಥ. ನಮ್ಮ ಕಡೆಯವರಿಗೂ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಇದೇ ಗತಿ. ನಮ್ಮ ಮಾವನವರ ವೀಸಾದಲ್ಲಿ ಇದನ್ನು ಕಣ್ಣಾರೆ ನೋಡಿದ್ದೆ. ಆದರೂ ಹೊಳೆಯಲಿಲ್ಲ.

ಯಾಕೆ ಹೊಳೆಯಲಿಲ್ಲ ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ನಮ್ಮೂರಲ್ಲಿ ಪೋಸ್ಟ್‌ಮನ್‌ಗೆ ಮನೆ ನಂಬರ್ ಬೇಕಿರಲಿಲ್ಲ. ಅಪ್ಪನ ಹೆಸರು, ಊರಿನ ಹೆಸರು ಇದ್ದರೆ ಕಾಗದ ಬರುತ್ತಿತ್ತು. ಊರೇ ಎದ್ದು ಕಾಲೋನಿಗೆ ಬಂದ ಮೇಲೂ ಹಳೆ ವಿಳಾಸದ ಕಾಗದ ಕೈಯಿಂದ ಕೈ ದಾಟಿ ನಮ್ಮನ್ನು ಹುಡುಕಿಕೊಂಡು ಬರುತ್ತಿತ್ತು. ಕಾಗದ ಅಂದರೆ ಬಂದೇ ಬರುತ್ತದೆ ಅನ್ನುವುದು ನನ್ನ ರಕ್ತದಲ್ಲಿತ್ತು. ಭಾಭಿ ಕೇಳಿದಾಗಲೆಲ್ಲ "ಬರ್ತದೆ, ಬರ್ತದೆ" ಅಂದೆ. ಹಾಗೆ ಆರು ವಾರ ಕಳೆದೆ.

ಅಷ್ಟರಲ್ಲಿ ಭಾಭಿಯ ಗಂಡನಿಗೆ ಒಂದು ಗೋದಾಮಿನಲ್ಲಿ ಕೆಲಸ ಗೊತ್ತಾಗಿತ್ತು. ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದೆ ಗೋದಾಮಿನ ಕಂಪ್ಯೂಟರ್ ಹೆಸರು ತೆಗೆದುಕೊಳ್ಳಲಿಲ್ಲ. ಆ ಜಾಗಕ್ಕೆ ಇನ್ನೊಬ್ಬರು ಬಂದರು. ಕೊನೆಗೆ ಸೋಶಿಯಲ್ ಸೆಕ್ಯುರಿಟಿ ಕಚೇರಿಗೆ ಹೋಗಿ ಕೇಳಿದರೆ ಕಾರ್ಡು ವಾಪಸ್ ಹೋಗಿದೆ ಅಂದರು. ಮತ್ತೆ ಅರ್ಜಿ, ಮತ್ತೆ ಎಫ್ಎನ್‌ಯು ಗೊಂದಲ. ಗ್ರೀನ್ ಕಾರ್ಡ್ ಇನ್ನೂ ತಡವಾಯಿತು. ವಲಸೆ ವೀಸಾದ ಮೇಲೆ ವಿಮಾನ ನಿಲ್ದಾಣದಲ್ಲಿ ಮುದ್ರೆ ಬಿದ್ದರೆ ಅದೇ ಒಂದು ವರ್ಷ ಗ್ರೀನ್ ಕಾರ್ಡಿನ ಹಾಗೆ ನಡೆಯುತ್ತದೆ. ಅದೂ ನನಗೆ ಆಮೇಲೆ ಗೊತ್ತಾಯಿತು. ಆ ಪುಟ ಅವರ ಫೈಲಿನಲ್ಲೇ ಇತ್ತು. ಸೈನ್ಯದವರು ಕೊಟ್ಟ ಮೆಚ್ಚುಗೆ ಪತ್ರಗಳ ಕೆಳಗೆ.

ನಾಲ್ಕು ತಿಂಗಳು ಅವರು ಸಂಬಳವಿಲ್ಲದೆ ಕೂತರು. ಒಂದು ಸಂಜೆ ಹೇಳಿದರು: "ಬಾಜಿ, ಅಲ್ಲಿ ಸೈನಿಕರು ನನ್ನನ್ನು ಮೈಕ್ ಅಂತ ಕರೆಯುತ್ತಿದ್ದರು. ಇಲ್ಲಿ ಎಫ್ಎನ್‌ಯು ಓದಿ ಫನು ಅಂತಾರೆ. ನನ್ನ ಹೆಸರು ಯಾರಿಗೂ ಬೇಡ." ನಾನು ಒಳಗೆ ಹೋಗಿ ಅತ್ತೆ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮೂರು ತಿಂಗಳು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ನಿಮ್ಮ ಮನಸ್ಸು ದೊಡ್ಡದು, ಅದು ನನಗೆ ಗೊತ್ತು. ಆದರೆ ಬೇರೆಯವರ ಅಡುಗೆಮನೆಯಲ್ಲಿ ಭಾಭಿ ಹತ್ತು ದಿನ ಎಷ್ಟು ಮುದುಡಿ ಇದ್ದರು ಅಂತ ನಾನು ನೋಡಿದ್ದೇನೆ. ನಿಮ್ಮ ಮನೆ ಹತ್ತಿರ ಒಳ್ಳೆ ಏರಿಯಾದಲ್ಲಿ ಮನೆ ಹುಡುಕುವುದೂ ಬೇಡ. ನಾವು ಅದನ್ನೇ ಮಾಡಿದೆವು. ಶಾಂತ ಜಾಗ, ಆದರೆ ಬಸ್ಸಿಲ್ಲ, ಅವರ ಭಾಷೆ ಪಶ್ತೊ ಮಾತಾಡುವ ಒಂದು ಮನೆಯೂ ಇಲ್ಲ. ವರ್ಷ ತುಂಬುವುದರೊಳಗೆ ಅವರು ತಮ್ಮ ಜನ ಇರುವ ಕಡೆ ಹೋದರು. ಹೋದ ಮೇಲೇ ಭಾಭಿ ನಕ್ಕಿದ್ದು. ನೀವು ಶಿರಸಿಯವರು, ಮುಂಡಗೋಡ ನೋಡಿಯೇ ಇರುತ್ತೀರಿ. 1966ರಿಂದ ಟಿಬೆಟನ್ನರು ಅಲ್ಲಿ ಒಟ್ಟಿಗೆ ಇದ್ದಾರೆ. ಮಠ, ಶಾಲೆ, ಭಾಷೆ ಎಲ್ಲ ಕಟ್ಟಿಕೊಂಡರು, ಕನ್ನಡವನ್ನೂ ಕಲಿತರು. ಒಂದೊಂದು ಮನೆಯನ್ನು ಒಂದೊಂದು ಊರಿಗೆ ಚದುರಿಸಿದ್ದರೆ ಏನು ಉಳಿಯುತ್ತಿತ್ತು ಹೇಳಿ.

ಇಂಗ್ಲಿಷ್ ಬರುವುದು ಗಂಡನೊಬ್ಬರಿಗೆ. ಹೆಂಡತಿ, ಮಕ್ಕಳು, ಡಾಕ್ಟರು, ಶಾಲೆ ಎಲ್ಲದಕ್ಕೂ ಮತ್ತೆ ಅವರೇ ದುಭಾಷಿ. ಆ ಕೆಲಸದಿಂದ ಬಿಡುವು ಸಿಗಬೇಕು ಅಂದರೆ ಹೆಂಡತಿಯನ್ನು ಇಂಗ್ಲಿಷ್ ಕ್ಲಾಸಿಗೆ ಬಿಟ್ಟು ಕರೆತನ್ನಿ. ಸಾಮಾನಿಗಿಂತ ಅದು ಜಾಸ್ತಿ ಉಪಯೋಗ.

ಸಾಮಾನು ಬೇಕೇ ಬೇಕು ಅಂದರೆ ಒಂದು ದೊಡ್ಡ ಪ್ರೆಶರ್ ಕುಕ್ಕರ್, ಹಸಿರು ಚಹಾ ಹಾಕಿಡೋಕೆ ಒಂದು ಥರ್ಮಸ್. ನಮ್ಮ ಕನ್ನಡದವರು ಎರಡು ಸೋಫಾ ಕೊಟ್ಟಿದ್ದರು. ಅವರು ಅವನ್ನು ಗೋಡೆಗೆ ಸರಿಸಿ, ನೆಲದ ಮೇಲೆ ಉದ್ದ ಹಾಸಿಗೆ ಹಾಸಿ ಕೂರುತ್ತಿದ್ದರು. ಆಗ ಪುನರ್ವಸತಿ ಸಂಸ್ಥೆಯವರು ಮೊದಲ 90 ದಿನ ಜೊತೆಗಿರುತ್ತಿದ್ದರು, ಈಗ ಇರುತ್ತಾರಾ, ಏನು ಕೊಡುತ್ತಾರೆ ಅಂತ ಕೇಳಿಕೊಂಡೇ ಮುಂದುವರಿಯಿರಿ. ವೀಸಾ ನಿಯಮ ಆಗಾಗ ಬದಲಾಗುತ್ತದೆ. ಅದನ್ನು ವಲಸೆ ವಕೀಲರನ್ನೇ ಕೇಳಿ.

ವಿಮಾನದ ಖರ್ಚಿಗೆ ಸಾಲ ಪಡೆದು ಬಂದಿದ್ದರೆ, ಬಡ್ಡಿ ಇಲ್ಲ, ಆದರೆ ಕೆಲವು ತಿಂಗಳ ನಂತರ ಕಂತು ಕಟ್ಟಬೇಕು. ಅದರ ಬಿಲ್ಲೂ ಅಂಚೆಯಲ್ಲೇ. ಮನೆ ಬದಲಿಸಿದರೆ 10 ದಿನದೊಳಗೆ ವಲಸೆ ಇಲಾಖೆಗೆ ಹೊಸ ವಿಳಾಸ ತಿಳಿಸಬೇಕು, ಮನೆಯ ಒಬ್ಬೊಬ್ಬರ ಹೆಸರಲ್ಲೂ. ಅಂಚೆ ಕಚೇರಿಗೆ ಮಾತ್ರ ಹೇಳಿದರೆ ಸಾಲದು.

ನಿಮ್ಮ ವಿಳಾಸ ಆಗಲೇ ಕೊಟ್ಟಾಗಿದೆ ಅಂತ ಬರೆದಿದ್ದೀರಿ. ಹಾಗಾದರೆ ಇವತ್ತೇ ಕೆಳಗೆ ಇಳಿದು ಹೋಗಿ. ಐದೂ ಜನರಿದ್ದರೆ ಐದೂ ಹೆಸರು, ವೀಸಾದಲ್ಲಿ ಹೇಗಿದೆಯೋ ಹಾಗೇ, ಎಫ್ಎನ್‌ಯು ಇದ್ದರೆ ಅದನ್ನೂ ಸೇರಿಸಿ ಬರೆದು ಬಾಕ್ಸಿನ ಒಳಗೆ ಅಂಟಿಸಿ. ಅಂಚೆಯವರು ಬರುವ ಹೊತ್ತಿಗೆ ನಿಂತು, ಈ ಹೆಸರಿನ ಕವರು ಬಂದರೆ ಇಲ್ಲೇ ಹಾಕಿ ಅಂತ ಬಾಯಲ್ಲೂ ಹೇಳಿ.