‘ರಜೆಗೆ ಹೋದಾಗ ಇಂಜೆಕ್ಷನ್ ಹಾಕಿಸಮ್ಮ’

ಪ್ರಶ್ನೆ: ನಾವು ಹನ್ನೊಂದು ವರ್ಷದಿಂದ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಮಗಳಿಗೆ 14. ಒಂದು ವರ್ಷದಿಂದ ‘ನಾನು ಹುಡುಗ’ ಅನ್ನುತ್ತಿದ್ದಾಳೆ. ಕೂದಲು ಕತ್ತರಿಸಿಕೊಂಡಿದ್ದಾಳೆ, ಶಾಲೆಯಲ್ಲಿ ಬೇರೆ ಹೆಸರು. ಮುಟ್ಟಾದಾಗ ಬಾತ್‌ರೂಮ್ ಬಾಗಿಲು ಹಾಕಿಕೊಂಡು ಅಳುತ್ತಾಳೆ. ಪ್ರಾಯ ತಡೆಯುವ ಇಂಜೆಕ್ಷನ್ ಇಲ್ಲಿ ಕೊಡುವುದಿಲ್ಲ. ‘ರಜೆಗೆ ಬೆಂಗಳೂರಿಗೆ ಹೋದಾಗ ಹಾಕಿಸಮ್ಮ, ಇಲ್ಲಾಂದ್ರೆ ನಂಗೆ ಬದುಕೋಕಾಗಲ್ಲ’ ಅಂತಾಳೆ. ಯಜಮಾನರೂ ಬೆಂಗಳೂರಿಗೇ ಹೋಗೋಣ ಅಂತಾರೆ, ಆದರೆ ಮನಸ್ಸು ‘ಸರಿಮಾಡೋ’ ಡಾಕ್ಟರ ಹತ್ತಿರ. ಮೈಸೂರಿನಲ್ಲಿ ಅತ್ತೆ ಹರಕೆ ಹೊತ್ತಿದ್ದಾರೆ. ನಾನು ಯಾರ ಮಾತು ಕೇಳಲಿ?

ಉತ್ತರ: ಮೊದಲು ಆ ‘ಬದುಕೋಕಾಗಲ್ಲ’ ಅನ್ನುವ ಮಾತು. ಹೆದರಿಸೋಕೆ ಹೇಳಿದ್ದು ಅಂತ ತಳ್ಳಿಹಾಕಬೇಡಿ. ಇವತ್ತು ರಾತ್ರಿಯೇ ಪಕ್ಕದಲ್ಲಿ ಕೂತು, ‘ಸಾಯಬೇಕು ಅನ್ನಿಸುತ್ತಾ?’ ಅಂತ ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ತಲೆಗೆ ಹೊಕ್ಕುವುದಿಲ್ಲ. ಹೌದು ಅಂದರೆ 111ಕ್ಕೆ ಫೋನ್ ಮಾಡಿ, ಮಾನಸಿಕ ಆರೋಗ್ಯದ ಆಯ್ಕೆ ಒತ್ತಿ. ಈಗಲೇ ಅಪಾಯ ಅನ್ನಿಸಿದರೆ 999. ಹಾಗಂತ ಆ ಮಾತಿಗೆ ಹೆದರಿ ಸೂಜಿಯ ಹಿಂದೆ ಓಡಬೇಡಿ. ಈ ಔಷಧಿ ಸಿಗದೆ ಮಕ್ಕಳು ಸಾಯುತ್ತಿದ್ದಾರೆ ಅನ್ನುವ ಗದ್ದಲ ನಿಮ್ಮ ಮಗುವಿನ ಫೋನಿನಲ್ಲೂ ಇರುತ್ತದೆ. ಅಲ್ಲಿನ ಸರ್ಕಾರದ ಆತ್ಮಹತ್ಯೆ ತಡೆ ಸಲಹೆಗಾರ ಪ್ರೊಫೆಸರ್ ಲೂಯಿ ಆಪಲ್‌ಬಿ 2024ರಲ್ಲಿ ಲೆಕ್ಕ ತೆಗೆಸಿ ನೋಡಿದರು. 2020ರಲ್ಲಿ ಕೋರ್ಟ್ ತೀರ್ಪಿನಿಂದ ಈ ಔಷಧಿಗೆ ನಿರ್ಬಂಧ ಬಿದ್ದ ನಂತರ ಆತ್ಮಹತ್ಯೆಯಲ್ಲಿ ದೊಡ್ಡ ಏರಿಕೆ ಆಯಿತು ಅನ್ನುವುದಕ್ಕೆ ಅಂಕಿಅಂಶದಲ್ಲಿ ಆಧಾರ ಸಿಗಲಿಲ್ಲ.

ಬೆಂಗಳೂರಿನ ಇಂಜೆಕ್ಷನ್‌ಗೆ ನನ್ನ ಉತ್ತರ: ಬೇಡ. ಆ ಔಷಧಿ ನಮ್ಮ ಊರಿಗೆ ಹೊಸದೇನಲ್ಲ. ಆರೇಳು ವರ್ಷಕ್ಕೇ ಮೈನೆರೆಯುವ ಲಕ್ಷಣ ಕಂಡ ಮಕ್ಕಳಿಗೆ ಇಲ್ಲೂ ಕೊಡುತ್ತಾರೆ. ಆದರೆ ನಿಮ್ಮ ಮಗುವಿಗೆ ಮುಟ್ಟೇ ಶುರುವಾಗಿದೆ, ಅಂದರೆ ಪ್ರಾಯದ ಬಹುಪಾಲು ಬದಲಾವಣೆ ಆಗಿಹೋಗಿದೆ. ಬೆಳೆದ ಎದೆಯನ್ನು ಈ ಸೂಜಿ ಹಿಂದಕ್ಕೆ ತಳ್ಳುವುದಿಲ್ಲ. ಮುಟ್ಟು ನಿಲ್ಲುತ್ತದೆ, ನಿಜ. ಜೊತೆಗೆ ಮೂಳೆ ಗಟ್ಟಿಯಾಗುವ ವಯಸ್ಸಿನಲ್ಲಿ ಆ ಕೆಲಸವೂ ನಿಧಾನವಾಗುತ್ತದೆ. ಇನ್ನೊಂದು ತೊಂದರೆ: ಹೊರಗಿನಿಂದ ಶುರುಮಾಡಿದ ಈ ಚಿಕಿತ್ಸೆಯನ್ನು ನಿಮ್ಮ ಜಿಪಿ, ಅಂದರೆ ಅಲ್ಲಿನ ನಿಮ್ಮ ಮಾಮೂಲಿ ಡಾಕ್ಟರ್, ಮುಂದುವರಿಸುವಂತಿಲ್ಲ. ರಕ್ತಪರೀಕ್ಷೆ, ಮುಂದಿನ ಡೋಸ್, ಏನಾದರೂ ಎಡವಟ್ಟಾದರೆ ಯಾರು ನೋಡುತ್ತಾರೆ? ಮೂರು ತಿಂಗಳಿಗೊಮ್ಮೆ ವಿಮಾನ ಹತ್ತುತ್ತೀರಾ?

ಬಾತ್‌ರೂಮಿನ ಅಳುವಿಗೆ ಮಾತ್ರ ಇಷ್ಟು ದೂರ ಬರಬೇಕಾಗಿಲ್ಲ. ಗೌರಿಹಬ್ಬ, ಮದುವೆ ಅಂತ ಮುಟ್ಟು ಮುಂದೂಡುವ ಮಾತ್ರೆ ನುಂಗಿದವರು ನಮ್ಮ ಮನೆಗಳಲ್ಲಿ ಎಷ್ಟಿಲ್ಲ! ತಿಂಗಳುಗಟ್ಟಲೆ ಮುಟ್ಟು ಬರದಂತೆ ನೋಡಿಕೊಳ್ಳುವ ಸಾಮಾನ್ಯ ಮಾತ್ರೆಗಳೂ ಇವೆ. ನಿಷೇಧ ಆಗಿರುವುದು ಇವಲ್ಲ. ಮಗುವನ್ನು ಕರೆದುಕೊಂಡು ಹೋಗಿ ಜಿಪಿಯನ್ನು ಕೇಳಿ. ಇದೊಂದರಿಂದಲೇ ಎಷ್ಟೋ ಹಗುರವಾಗಬಹುದು.

ನಿಷೇಧ ಯಾಕೆ ಬಂತು ಅಂತ ನೀವು ತಿಳಿದುಕೊಳ್ಳಲೇಬೇಕು, ಮಗು ವಾದಕ್ಕೆ ಬರುತ್ತದಲ್ಲ. ಈ ಪದ್ಧತಿ ಬೆಳೆದದ್ದು ಹಾಲೆಂಡಿನಲ್ಲಿ. ಚಿಕ್ಕಂದಿನಿಂದಲೇ ಈ ಸಂಕಟವಿದ್ದ, ಬೇರೆ ದೊಡ್ಡ ಮಾನಸಿಕ ತೊಂದರೆ ಇಲ್ಲದ ಮಕ್ಕಳನ್ನು ಆರಿಸಿ ಕೊಡುತ್ತಿದ್ದರು. ಅವರಲ್ಲಿ 55 ಮಂದಿಯ ಬಗ್ಗೆ 2014ರಲ್ಲಿ ಬಂದ ವರದಿ ಚೆನ್ನಾಗಿಯೇ ಇತ್ತು. ಇಂಗ್ಲೆಂಡಿನಲ್ಲಿ 2009ರಲ್ಲಿ ಈ ಸಂಕಟ ಹೇಳಿಕೊಂಡು ಬಂದವರು 50ಕ್ಕೂ ಕಡಿಮೆ. 2021–22ರಲ್ಲಿ 5000 ದಾಟಿತು. ಹೆಚ್ಚಿನವರು ಹದಿವಯಸ್ಸಿನ ಹೆಣ್ಣುಮಕ್ಕಳು. ಖಿನ್ನತೆ, ಆಟಿಸಂ ಜೊತೆಗಿದ್ದವರೂ ಬಹಳ. ‘ಯೋಚಿಸೋಕೆ ಸ್ವಲ್ಪ ಸಮಯ ಸಿಗಲಿ’ ಅಂತ ಕೊಡುತ್ತಿದ್ದ ಔಷಧಿ ಅದು. ಆದರೆ ಅಲ್ಲಿನ ಒಂದು ಅಧ್ಯಯನದಲ್ಲಿ 44 ಮಕ್ಕಳಲ್ಲಿ 43 ಮಂದಿ ಮುಂದಿನ ಹೆಜ್ಜೆಗೆ, ಅಂದರೆ ದೇಹವನ್ನು ಇನ್ನೊಂದು ಲಿಂಗದ ಕಡೆಗೆ ಬದಲಿಸುವ ಹಾರ್ಮೋನಿಗೆ, ಹೋದರು. ಇದನ್ನು ಓದಿದಾಗ ನನಗೂ ಒಂದು ಕ್ಷಣ ತಡೆದು ಯೋಚಿಸುವಂತಾಯಿತು. ಮಕ್ಕಳ ತಜ್ಞೆ ಡಾ. ಹಿಲರಿ ಕ್ಯಾಸ್ 2024ರ ಏಪ್ರಿಲ್‌ನಲ್ಲಿ ಕೊಟ್ಟ ವರದಿ, ಇದಕ್ಕಿರುವ ಪುರಾವೆ ದುರ್ಬಲ ಅಂದಿತು. ಆಮೇಲೆ ಬಂದ ತಾತ್ಕಾಲಿಕ ನಿಷೇಧವನ್ನು ಡಿಸೆಂಬರ್‌ನಲ್ಲಿ ಅನಿರ್ದಿಷ್ಟ ಕಾಲಕ್ಕೆ ಮುಂದುವರಿಸಿದರು. ಸ್ವೀಡನ್, ಫಿನ್‌ಲೆಂಡ್ ಮೊದಲೇ ಕೈ ಬಿಗಿಹಿಡಿದಿದ್ದವು. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡಿನ ತಜ್ಞರು ಮಾತ್ರ 2025ರ ಮಾರ್ಗಸೂಚಿಯಲ್ಲೂ ಒಂದೊಂದು ಮಗುವನ್ನು ನೋಡಿ ಕೊಡಬಹುದು ಅನ್ನುತ್ತಾರೆ. ಕ್ಯಾಸ್ ಕೂಡ ಇಂಥ ಮಕ್ಕಳೇ ಇಲ್ಲ ಅನ್ನಲಿಲ್ಲ. ಕೆಲವರಿಗೆ ಮುಂದೆ ಇದೇ ಸರಿಯಾದ ದಾರಿ ಅಂತಲೂ ಒಪ್ಪಿಕೊಂಡರು. ಯಜಮಾನರು ಅವರ ವರದಿಯನ್ನು ತಮ್ಮ ಕಡೆಗೆ ಎಳೆದುಕೊಳ್ಳುವ ಮೊದಲು ಈ ಭಾಗವನ್ನೂ ಓದಲಿ.

ಅವರು ಹುಡುಕುತ್ತಿರುವ ‘ಸರಿಮಾಡೋ’ ಡಾಕ್ಟರ್ ವಿಷಯಕ್ಕೂ ನನ್ನದು ಬೇಡವೇ. ಲಿಂಗ ಗುರುತನ್ನು ಬದಲಿಸುತ್ತೇವೆ ಅನ್ನುವ ಚಿಕಿತ್ಸೆಯನ್ನು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ವೃತ್ತಿ ದುರ್ನಡತೆ ಎಂದಿದೆ. ಇವತ್ತು ಒಪ್ಪುವ ಡಾಕ್ಟರ್ ಯಾರಾದರೂ ಸಿಕ್ಕರೆ ಅವರಿಂದಲೇ ದೂರ ಇರಿ.

ನಿಮ್ಮ ಊರಿನಲ್ಲೇ ಮಕ್ಕಳ ಮಾನಸಿಕ ಆರೋಗ್ಯ ಸೇವೆಗೆ ಹೆಸರು ಹಾಕಿಸಿ. ಲಿಂಗ ಗುರುತಿನ ಕ್ಲಿನಿಕ್ಕಿಗೆ ಈಗ ಅವರು ಅಥವಾ ಮಕ್ಕಳ ತಜ್ಞರೇ ಕಳಿಸಬೇಕು. ಕಾಯುವುದು ವರ್ಷಗಟ್ಟಲೆ. ಅಷ್ಟರೊಳಗೆ ಖಿನ್ನತೆ, ಆತಂಕ, ಶಾಲೆಯ ಕಿರುಕುಳ ಇದ್ದರೆ ಅದಕ್ಕೆ ಆರೈಕೆ ಸಿಗಲಿ.

ಹೆಸರಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಾನು ಇಲ್ಲಿ ‘ಮಗು’ ಅಂತಲೇ ಬರೆದದ್ದು ಗಮನಿಸಿರಬಹುದು. ಕನ್ನಡದಲ್ಲಿ ಎದುರಿಗೆ ಮಾತಾಡುವಾಗ ‘ಊಟ ಮಾಡಿದೆಯಾ’ ಅಂದರೆ ಗಂಡೂ ಇಲ್ಲ, ಹೆಣ್ಣೂ ಇಲ್ಲ. ‘ಬಾರೋ’, ‘ಬಾರೇ’ಯಲ್ಲಿ ಮಾತ್ರ ಗೊತ್ತಾಗುತ್ತದೆ. ಮುದ್ದಿಗೆ ಹೆಣ್ಣುಮಕ್ಕಳನ್ನೂ ‘ಬಾರೋ ಕಂದ’ ಅನ್ನುವ ಅಮ್ಮಂದಿರು ನಮ್ಮಲ್ಲಿ ಬೇಕಾದಷ್ಟು. ನೀವೂ ಅನ್ನಬಹುದು. ಅದರಿಂದ ಯಾವ ಬಾಗಿಲೂ ಮುಚ್ಚುವುದಿಲ್ಲ.

ಟಿಕೆಟ್ ರದ್ದು ಮಾಡಬೇಡಿ. ಆದರೆ ‘ಈ ರಜೆಯಲ್ಲಿ ಇಂಜೆಕ್ಷನ್ ಇಲ್ಲ, ಸರಿಮಾಡೋ ಡಾಕ್ಟರೂ ಇಲ್ಲ’ ಅಂತ ಹೊರಡುವ ಮೊದಲೇ ಮಗುವಿಗೆ ಹೇಳಿ, ಯಜಮಾನರ ಎದುರಿಗೇ. ಮೈಸೂರಿಗೂ ಫೋನ್ ಮಾಡಿ. ಅತ್ತೆ ಹರಕೆ ತೀರಿಸಿಕೊಳ್ಳಲಿ, ಯಾರದೂ ಅಡ್ಡಿಯಿಲ್ಲ. ಮಗುವನ್ನು ಎದುರಿಗೆ ಕೂರಿಸಿಕೊಂಡು ಮಾತ್ರ ಬೇಡ. ಕೂದಲಿನ ಸುದ್ದಿ ಎತ್ತದೆ ಒಂದು ಮಸಾಲೆದೋಸೆ ಹಾಕಿಕೊಡಲಿ, ಸಾಕು.