ಫಿಲ್ಟರ್ ಪೆಡಲ್‌ಗೆ ಯಾವ ಲೇಔಟ್ ಹಿಡಿಯಲಿ?

ಪ್ರಶ್ನೆ: ಗಿಟಾರ್ ತಂತಿ ಮೀಟಿದ ಕೂಡಲೇ ತಾನಾಗಿಯೇ ‘ವ್ಹಾ’ ಅನ್ನುವ ಆಟೋ ವಾ ಎಂಬ ಫಿಲ್ಟರ್ ಪೆಡಲ್ (ದನಿಯ ಒಂದು ಭಾಗವನ್ನು ಬಿಟ್ಟು ಉಳಿದದ್ದನ್ನು ತಡೆಯುವ ಪೆಡಲ್) ಮಾಡಬೇಕು ಅಂತ ಆಸೆ. ಸ್ಟ್ರಿಪ್‌ಬೋರ್ಡ್ (ಸಾಲು ಸಾಲು ತಾಮ್ರದ ಪಟ್ಟಿ ಇರುವ ಬೋರ್ಡು) ಮೇಲೆ ದನಿಯನ್ನು ಒರಟು ಮಾಡುವ ಎರಡು ಫಜ್ ಪೆಡಲ್ ಮಾಡಿದ್ದೇನೆ, ಎರಡೂ ಚೆನ್ನಾಗಿವೆ. ಈಗ ಮೂರು ಲೇಔಟ್ (ಬಿಡಿಭಾಗಗಳು ಬೋರ್ಡಿನ ಮೇಲೆ ಎಲ್ಲೆಲ್ಲಿ ಕೂರಬೇಕು ಅನ್ನುವ ಚಿತ್ರ) ಸಿಕ್ಕಿವೆ. ಒಂದು ಸ್ಟ್ರಿಪ್‌ಬೋರ್ಡ್‌ಗೆ: ಒಂದು ಆಪ್‌ಆಂಪ್ (ಸಿಗ್ನಲ್ ಹಿಗ್ಗಿಸುವ) ಚಿಪ್, ಒಂದು ಟ್ರಾನ್ಸಿಸ್ಟರ್. ಬೋರ್ಡು ತುಂಬ ಚಿಕ್ಕದು, ರೆಸಿಸ್ಟರ್‌ಗಳನ್ನೆಲ್ಲ ನೆಟ್ಟಗೆ ನಿಲ್ಲಿಸಿದ್ದಾರೆ. ಎರಡನೆಯದು ಪರ್ಫ್‌ಬೋರ್ಡ್‌ಗೆ (ಪಟ್ಟಿಗಳಿಲ್ಲದ, ತೂತುಗಳಷ್ಟೇ ಇರುವ ಬೋರ್ಡು), ಸಿಎ3080 ಚಿಪ್ ಕೇಳುತ್ತದೆ. ಮೂರನೆಯದು ಪಿಸಿಬಿ (ತಾಮ್ರದ ಗೆರೆಗಳನ್ನು ಮೊದಲೇ ಮೂಡಿಸಿದ ಬೋರ್ಡು), ಎರಡು ಎಲ್‌ಡಿಆರ್ (ಬೆಳಕಿಗೆ ಬದಲಾಗುವ ರೆಸಿಸ್ಟರ್) ಇರುವ ದೊಡ್ಡ ಸರ್ಕ್ಯೂಟ್. ಯಾವುದು ಮಾಡಲಿ? ಚಿಕ್ಕದೇ ಸುಲಭ ಅಲ್ವಾ?

ಉತ್ತರ: ಹಾಗನ್ನಿಸುವುದು ಸಹಜ. ಆದರೆ ಫಿಲ್ಟರ್ ಪೆಡಲ್ ವಿಷಯದಲ್ಲಿ ಚಿಕ್ಕ ಲೇಔಟ್ ಸುಲಭ ಅಲ್ಲ. ನನ್ನನ್ನು ಕೇಳಿದರೆ ಮೂರನೆಯದನ್ನೇ ಮಾಡಿ.

ಮೊದಲು ಒಂದು ಮಾತು. ನಿಮ್ಮ ಕೈಲಿರುವುದು ಒಂದೇ ಸರ್ಕ್ಯೂಟ್‌ನ ಮೂರು ಲೇಔಟ್ ಅಲ್ಲ, ಮೂರು ಬೇರೆ ಬೇರೆ ಸರ್ಕ್ಯೂಟ್. ಹಾಗಾಗಿ ಮೊದಲು ಸರ್ಕ್ಯೂಟ್ ಯಾವುದು ಅಂತ ನಿರ್ಧಾರ ಮಾಡಿ, ಬೋರ್ಡಿನ ವಿಚಾರ ಆಮೇಲೆ.

ಎರಡನೆಯದನ್ನು ಬಿಟ್ಟುಬಿಡಿ. ಸಿಎ3080 ತಯಾರಿಕೆ ನಿಂತು ಬಹಳ ಕಾಲವಾಯಿತು. ಆ ಹೆಸರಿನಲ್ಲಿ ನಕಲಿ ಚಿಪ್‌ಗಳೂ ಓಡಾಡುತ್ತವೆ. ಎಲ್‌ಎಂ13700 ಅದೇ ಜಾತಿಯ ಚಿಪ್, ಆದರೆ ಅದಕ್ಕೆ 16 ಕಾಲು, ಸಿಎ3080ಗೆ 8. ಇದರ ಲೇಔಟ್‌ನಲ್ಲಿ ಅದು ಕೂರುವುದಿಲ್ಲ.

ಮೊದಲನೆಯದು ಕೆಟ್ಟ ಸರ್ಕ್ಯೂಟ್ ಏನಲ್ಲ. ಟ್ರಾನ್ಸಿಸ್ಟರನ್ನೇ ಬದಲಾಗುವ ರೆಸಿಸ್ಟರ್ ಥರ ಬಳಸುತ್ತಾರೆ. ಸಿಗ್ನಲ್ ಸಣ್ಣದಿದ್ದರೆ ಚೆನ್ನಾಗಿ ನಡೆಯುತ್ತದೆ, ಜೋರಾಗಿ ಮೀಟಿದರೆ ಸ್ವಲ್ಪ ಒಡೆಯುತ್ತದೆ. ಆ ಒರಟು ದನಿ ಇಷ್ಟಪಡುವವರೂ ಇದ್ದಾರೆ. ನನ್ನ ತಕರಾರು ಆ ಲೇಔಟ್ ಮೇಲೆ. ನಿಂತ ರೆಸಿಸ್ಟರ್‌ಗಳ ಉದ್ದ ಕಾಲುಗಳು ಒಂದಕ್ಕೊಂದು ತಾಗುತ್ತವೆ. ಮಲ್ಟಿಮೀಟರಿನ ಮೊನೆ ಇಡಲು ಜಾಗ ಇರುವುದಿಲ್ಲ. ಪೆಡಲ್ ಮೊದಲ ಸಲಕ್ಕೇ ಕೆಲಸ ಮಾಡದಿದ್ದರೆ ತಪ್ಪು ಹುಡುಕುವುದು ಎಲ್ಲಿಂದ? ಸುಮಾರು 122 × 66 × 39 ಮಿಲಿಮೀಟರಿನ 125ಬಿ ಡಬ್ಬಿ ತಗೊಂಡರೆ ಒಳಗೆ ಧಾರಾಳ ಜಾಗ ಇದೆ. ಇದನ್ನೇ ಮಾಡುವ ಮನಸ್ಸಾದರೆ ರೆಸಿಸ್ಟರ್‌ಗಳನ್ನು ಮಲಗಿಸಿ, ದೊಡ್ಡದಾಗಿ ನೀವೇ ಹೊಸದಾಗಿ ಬಿಡಿಸಿಕೊಳ್ಳಿ.

ಮೂರನೆಯದು ಹಳೆಯ, ಒಳ್ಳೆಯ ದಾರಿ. 1972ರಲ್ಲಿ ಬಂದ ಮ್ಯೂ-ಟ್ರಾನ್ 3 ಪೆಡಲ್ ಇದೇ ರೀತಿಯದು. ಒಳಗೆ ಒಂದು ಬೆಳಕು, ಅದರ ಎದುರು ಬೆಳಕಿಗೆ ಬದಲಾಗುವ ರೆಸಿಸ್ಟರ್. ತಂತಿ ಮೀಟಿದಾಗ ಬೆಳಕು ಹತ್ತುತ್ತದೆ, ಎಲ್‌ಡಿಆರ್ ರೆಸಿಸ್ಟೆನ್ಸ್ ಇಳಿಯುತ್ತದೆ, ಫಿಲ್ಟರ್ ಮೇಲಕ್ಕೇರುತ್ತದೆ. ಬೆಳಕು ಬಂದಾಗ ಎಲ್‌ಡಿಆರ್ ಬೇಗ ಎಚ್ಚರವಾಗುತ್ತದೆ, ಆರಿದ ಮೇಲೆ ನಿಧಾನಕ್ಕೆ ಮೊದಲಿನ ಸ್ಥಿತಿಗೆ ಬರುತ್ತದೆ. ತಂತಿಯ ದನಿಯೂ ಹಾಗೇ ಅಲ್ವಾ? ಥಟ್ಟನೆ ಏಳುತ್ತದೆ, ಮೆಲ್ಲಗೆ ಇಳಿಯುತ್ತದೆ. ಅದಕ್ಕೇ ಈ ಜೋಡಿ ಕಿವಿಗೆ ಅಷ್ಟು ಹಿತ. ಜೊತೆಗೆ ಲೋ ಪಾಸ್ (ತಗ್ಗು ಸ್ವರ ಬಿಡುವುದು), ಬ್ಯಾಂಡ್ ಪಾಸ್ (ನಡುವಿನದು ಬಿಡುವುದು), ಹೈ ಪಾಸ್ (ಏರು ಸ್ವರ ಬಿಡುವುದು) ಮೂರೂ ಒಂದೇ ಸರ್ಕ್ಯೂಟ್‌ನಿಂದ ಸಿಗುತ್ತವೆ.

ಎರಡು ಎಲ್‌ಡಿಆರ್ ಸರಿಸಮ ಇರಬೇಕು ಅಂತ ಹೆದರಬೇಡಿ. ಒಂದು ಇನ್ನೊಂದರ ಎರಡರಷ್ಟಿದ್ದರೂ ರೆಸೊನೆನ್ಸ್‌ನಲ್ಲಿ (ಫಿಲ್ಟರ್ ಒಂದು ಸ್ವರಮಟ್ಟವನ್ನು ಎತ್ತಿ ಕೇಳಿಸುವ ಪ್ರಮಾಣದಲ್ಲಿ) ಆಗುವ ವ್ಯತ್ಯಾಸ ಸುಮಾರು 1.4 ಪಟ್ಟು ಮಾತ್ರ. ನಾಲ್ಕೈದು ತಗೊಂಡು, ಒಂದೇ ಬೆಳಕಿನಲ್ಲಿ ಅಳೆದು, ಹತ್ತಿರದ ಎರಡನ್ನು ಆರಿಸಿದರೆ ಸಾಕು.

ಇನ್ನು ಪಿಸಿಬಿ ಲೇಔಟ್ ಪಕ್ಕದಲ್ಲಿ ಸರ್ಕ್ಯೂಟ್ ಚಿತ್ರ ಇಟ್ಟುಕೊಂಡು ಕೂತುಕೊಳ್ಳಿ. ಒಂದೊಂದೇ ಗೆರೆ ನೋಡಿ, ಸರಿ ಇದ್ದರೆ ಬಣ್ಣದ ಪೆನ್ಸಿಲಿನಿಂದ ಎರಡರ ಮೇಲೂ ಗುರುತು ಹಾಕಿ. ಒಂದು ಸಂಜೆ ಬೇಕಾಗುತ್ತದೆ. ದಯವಿಟ್ಟು ಇದನ್ನು ತಪ್ಪಿಸಬೇಡಿ. ಸರ್ಕ್ಯೂಟ್ ಚಿತ್ರವೇ ಇಲ್ಲದ ಲೇಔಟ್ ಆದರೆ, ಎಷ್ಟೇ ಚೆಂದ ಇದ್ದರೂ ಅದನ್ನು ನಾನು ಮುಟ್ಟುವುದಿಲ್ಲ.

ಹೀಗೆ ನೋಡುವಾಗ ಒಂದು ಜಾಗದಲ್ಲಿ ಸ್ವಲ್ಪ ನಿಲ್ಲಿ. ಫಜ್‌ನಲ್ಲಿ ಸಿಗ್ನಲ್‌ಗೆ ಒಂದೇ ದಾರಿ. ಇದರಲ್ಲಿ ಎರಡು. ಒಂದರಲ್ಲಿ ನೀವು ಕೇಳುವ ದನಿ ಹೋಗುತ್ತದೆ. ಇನ್ನೊಂದು ಆ ದನಿಯ ಜೋರನ್ನು ಅಳೆದು ಎಲ್‌ಇಡಿ ಉರಿಸುತ್ತದೆ. ಎರಡನೆಯ ದಾರಿಯಲ್ಲಿ ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಜಾಸ್ತಿ, ಕರೆಂಟೂ ಏಟಿಗೆ ತಕ್ಕಂತೆ ಎಗರುತ್ತದೆ. ಅದು ಮೊದಲನೆಯದಕ್ಕೆ ಸೋರಬಾರದು.

ಹಳೆಯ ಸರ್ಕ್ಯೂಟ್‌ಗಳು ಎರಡು 9 ವೋಲ್ಟ್ ಬ್ಯಾಟರಿ ಮೇಲೆ ನಡೆಯುತ್ತಿದ್ದವು. ನಡುವಿನ ಬಿಂದುವೇ ಗ್ರೌಂಡ್. ಈಗ ಒಂದೇ 9 ವೋಲ್ಟ್ ಸಪ್ಲೈ ಬಳಸುವಾಗ, ಎರಡು 10ಕೆ (ಕೆ ಅಂದರೆ ಸಾವಿರ ಓಮ್) ರೆಸಿಸ್ಟರ್ ಮತ್ತು 47 ಅಥವಾ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ 4.5 ವೋಲ್ಟ್‌ನ ನಡು ಬಿಂದು ಮಾಡುತ್ತಾರೆ. ಆಪ್‌ಆಂಪ್‌ಗಳಿಗೆ ಈ ನಡು ಬಿಂದುವೇ ಆಸರೆ. ಆದರೆ ಎಲ್‌ಇಡಿ ಕರೆಂಟ್ ವಾಪಸ್ ಹೋಗಬೇಕಾದದ್ದು ನಿಜವಾದ ಗ್ರೌಂಡ್‌ಗೆ.

ನಾನು ಮಾಡಿದ ಒಂದು ಬೋರ್ಡಿನಲ್ಲಿ ಎಲ್‌ಇಡಿಯ ಕಾಲು ನಡು ಬಿಂದುವಿಗೆ ಹೋಗಿತ್ತು. ಲೇಔಟ್ ಬಿಡಿಸಿದವರು ಹಳೆಯ ಚಿತ್ರದ ಗ್ರೌಂಡ್ ಗುರುತನ್ನೆಲ್ಲ ನಡು ಬಿಂದು ಅಂತಲೇ ತಗೊಂಡಿದ್ದರು. ಪ್ರತಿ ಸಲ ಮೀಟಿದಾಗ ದನಿಯ ಜೊತೆಗೆ ‘ದಪ್’ ಅಂತ ಗುದ್ದು. ಎರಡು ಸಂಜೆ ಕೆಪಾಸಿಟರ್ ಬದಲಿಸುತ್ತಾ ಕೂತೆ. ಕೊನೆಗೆ ಮೀಟರಿನ ಒಂದು ಮೊನೆ ನಡು ಬಿಂದುವಿನ ಮೇಲಿಟ್ಟು ತಂತಿ ಮೀಟಿದೆ. ಅಲ್ಲಾಡದೆ ನಿಲ್ಲಬೇಕಾದ 4.5 ವೋಲ್ಟ್ ಏಟಿಗೊಮ್ಮೆ ಕುಣಿಯುತ್ತಿತ್ತು. ಆ ಒಂದು ಗೆರೆ ಕತ್ತರಿಸಿ ಗ್ರೌಂಡ್‌ಗೆ ತಂತಿ ಎಳೆದೆ. ಗುದ್ದು ನಿಂತಿತು.

ಇನ್ನೊಂದು, ಕೆಪಾಸಿಟರ್ ವ್ಯಾಲ್ಯೂ. ಫಜ್‌ನಲ್ಲಿ ಒಂದು ತಪ್ಪಿದರೂ ಏನೋ ಒಂದು ಸದ್ದು ಬರುತ್ತದೆ. ಫಿಲ್ಟರ್‌ನಲ್ಲಿ ಹಾಗಲ್ಲ. 10 ನ್ಯಾನೋಫ್ಯಾರಡ್ ಹಾಕಿ, ರೆಸಿಸ್ಟೆನ್ಸ್ 100ಕೆಯಿಂದ 5ಕೆಗೆ ಇಳಿದರೆ ಫಿಲ್ಟರ್ ಸುಮಾರು 160 ಹರ್ಟ್ಸ್‌ನಿಂದ 3,200 ಹರ್ಟ್ಸ್‌ವರೆಗೆ ಓಡಾಡುತ್ತದೆ. ಗಿಟಾರ್‌ಗೆ ಬೇಕಾದದ್ದು ಇದೇ. 103 ಅಂತ ಬರೆದ ಕೆಪಾಸಿಟರ್ (ಅದೇ 10 ನ್ಯಾನೋ) ಬದಲು 104 ಹಾಕಿದಿರಿ ಅನ್ನಿ. ಅದು 100 ನ್ಯಾನೋ. ಆಗ ಓಡಾಟ 16ರಿಂದ 320 ಹರ್ಟ್ಸ್ ಮಾತ್ರ. ಲೋ ಪಾಸ್‌ನಲ್ಲಿ ಕಂಬಳಿ ಹೊದ್ದ ಹಾಗೆ ಕೇಳುತ್ತದೆ, ‘ವ್ಹಾ’ ಇಲ್ಲವೇ ಇಲ್ಲ. ಒಂದೇ ಅಂಕಿಯ ತಪ್ಪು. ಬೆಸುಗೆ ಹಾಕುವ ಮುಂಚೆ ಪ್ರತಿಯೊಂದನ್ನೂ ಓದಿ.

ಉಳಿದವು ಬೇಗ ಹೇಳುತ್ತೇನೆ. ಇನ್‌ಪುಟ್ ಒಂದು ಅಂಚಿಗೆ, ಔಟ್‌ಪುಟ್ ಎದುರಿನ ಅಂಚಿಗೆ ಇರುವ ಲೇಔಟ್ ಒಳ್ಳೆಯದು. ಎರಡೂ ಅಕ್ಕಪಕ್ಕ ಇದ್ದರೆ ಸಿಳ್ಳೆ ಹೊಡೆಯುವ ಅಪಾಯ ಇದೆ. 100 ನ್ಯಾನೋಫ್ಯಾರಡ್ ಕೆಪಾಸಿಟರ್ ಒಂದು ಪ್ರತಿ ಚಿಪ್‌ನ ಸಪ್ಲೈ ಕಾಲಿಗೆ ಅಂಟಿದಂತೆ ಇರಲಿ. ಬೋರ್ಡಿನ ಮೇಲೇ ಪಾಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಕೂರುವ ಲೇಔಟ್ ಆದರೆ 9 ಮಿಲಿಮೀಟರ್ ಪಾಟೋ 16 ಮಿಲಿಮೀಟರ್ ಪಾಟೋ ನೋಡಿ, ಕಾಲಿನ ಅಂತರ ಬೇರೆ ಬೇರೆ. ಟೋನರ್‌ನಲ್ಲಿ ಮುದ್ರಿಸಿದ ಕಾಗದವನ್ನು ತಾಮ್ರದ ಮೇಲೆ ಇಸ್ತ್ರಿ ಮಾಡಿ ನೀವೇ ಬೋರ್ಡು ಮಾಡುವುದಾದರೆ, ತಾಮ್ರದ ಗೆರೆಗಳ ಚಿತ್ರದಲ್ಲಿರುವ ಅಕ್ಷರಗಳು ಕಾಗದದ ಮೇಲೆ ಉಲ್ಟಾ ಇರಬೇಕು, ತಾಮ್ರದ ಮೇಲೆ ನೇರವಾಗಬೇಕು.

ಎಲ್ಲಕ್ಕಿಂತ ಮುಂಚೆ, ಎಲ್‌ಇಡಿ ಉರಿಸುವ ಭಾಗವನ್ನಷ್ಟೇ ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ಬಿಡಿಭಾಗ ಚುಚ್ಚುವ ಬೋರ್ಡು) ಮೇಲೆ ಹೂಡಿ ನೋಡಿ. ಮೆಲ್ಲಗೆ ಮೀಟಿದರೆ ಮಂಕಾಗಿ, ಜೋರಾಗಿ ಮೀಟಿದರೆ ಪ್ರಕಾಶವಾಗಿ ಹತ್ತಬೇಕು. ಅದು ಕಣ್ಣಿಗೆ ಕಂಡಮೇಲೆ ಬೋರ್ಡಿಗೆ ಕೈ ಹಾಕಿ.

ಪ್ರಶ್ನೆ: ಎಲ್‌ಡಿಆರ್ ಇರುವ ಫಿಲ್ಟರ್ ಪೆಡಲ್ ಮಾಡಿದೆ. ಗಿಟಾರ್ ದನಿ ಬರುತ್ತದೆ, ಆದರೆ ಒಂದೇ ಥರ ಇರುತ್ತದೆ. ಮೀಟಿದರೂ ಬದಲಾಗುವುದಿಲ್ಲ. ಬೋರ್ಡನ್ನೇ ಬಿಸಾಡಿ ಬೇರೆ ಲೇಔಟ್ ಮಾಡಲಾ?

ಉತ್ತರ: ಬೇಡ, ಅವಸರ ಮಾಡಬೇಡಿ. ನಿಮ್ಮ ಡಬ್ಬಿಯ ಮುಚ್ಚಳ ತೆಗೆದಿದೆಯಾ? ಎಲ್‌ಇಡಿ, ಎಲ್‌ಡಿಆರ್ ಜೋಡಿಯ ಸುತ್ತ ಕಪ್ಪು ಹೀಟ್‌ಶ್ರಿಂಕ್ ಟ್ಯೂಬ್ ಹಾಕಿ ಎರಡೂ ತುದಿ ಮುಚ್ಚಿಲ್ಲದಿದ್ದರೆ, ಕೋಣೆಯ ಬೆಳಕೇ ಅದಕ್ಕೆ ಸಾಕು. ಫಿಲ್ಟರ್ ಪೂರ್ತಿ ತೆರೆದೇ ಇರುತ್ತದೆ. ಮೊದಲು ಅದರ ಮೇಲೆ ಒಂದು ಕಪ್ಪು ಬಟ್ಟೆ ಹಾಕಿ ನೋಡಿ.

ಅದಕ್ಕೂ ಬದಲಾಗದಿದ್ದರೆ ಎಲ್‌ಡಿಆರ್‌ಗಳನ್ನು ಬಿಚ್ಚಿ, ಆ ಜಾಗದಲ್ಲಿ 10ಕೆ ರೆಸಿಸ್ಟರ್ ಹಾಕಿ ಕೇಳಿ. ಆಮೇಲೆ 100ಕೆ. ಎರಡಕ್ಕೂ ದನಿ ಬೇರೆ ಬೇರೆ ಕೇಳಿದರೆ ಫಿಲ್ಟರ್ ಭಾಗ ಚೆನ್ನಾಗಿದೆ, ತಪ್ಪು ಎಲ್‌ಇಡಿ ಕಡೆ ಇದೆ. ಎಲ್‌ಇಡಿ ಉಲ್ಟಾ ಕೂತಿದೆಯಾ, ಸೆನ್ಸಿಟಿವಿಟಿ ಪಾಟ್ ಪೂರ್ತಿ ಏರಿಸಿದ್ದೀರಾ ನೋಡಿ. ಬಣ್ಣವನ್ನೂ ನೋಡಿ. ಸಾಮಾನ್ಯ ಎಲ್‌ಡಿಆರ್‌ಗೆ ಹಸಿರು, ಹಳದಿ ಬೆಳಕು ಚೆನ್ನಾಗಿ ತಾಗುತ್ತದೆ. ಕಡು ಕೆಂಪು ಎಲ್‌ಇಡಿ ಹಾಕಿದ್ದರೆ ಹಸಿರು ಅಥವಾ ಬಿಳಿ ಹಾಕಿ ನೋಡಬಹುದು.

10ಕೆಗೂ 100ಕೆಗೂ ದನಿ ಒಂದೇ ಇದ್ದರೆ ಮಾತ್ರ ಫಿಲ್ಟರ್‌ನ ಕೆಪಾಸಿಟರ್‌ಗಳ ಮೇಲಿನ ಅಂಕಿ ಓದಿ. 103 ಇರಬೇಕಾದಲ್ಲಿ 104 ಕಂಡರೆ, ಬದಲಿಸಬೇಕಾದದ್ದು ಆ ಎರಡು ಬಿಡಿಭಾಗ ಅಷ್ಟೇ.